ಒಳಗಿರುವವರು ಹುಡುಕುವುದಿಲ್ಲ

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಆ ಕರೆ ಮಾಡಿದೆ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ನನ್ನ ಜ್ಞಾಪಕಶಕ್ತಿ ಕಾರಣವಲ್ಲ. ನಮ್ಮ ಕಚೇರಿಯಲ್ಲಿ ಗ್ರಾಹಕರೊಂದಿಗೆ ಆಡುವ ಮಾತನ್ನು ಅವರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಕಡತದ ಹೆಸರಿನಲ್ಲೇ ಗಂಟೆ, ನಿಮಿಷ ಕೂತಿರುತ್ತವೆ. ಆ ಕಡತವನ್ನು ಆಮೇಲೆ ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ.

ಕಚೇರಿ ಇರುವುದು ಪುಣೆಯ ಬಿಬವೇವಾಡಿಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಜನ ತಮ್ಮ ಫೋನಿನಲ್ಲಿ ಏನನ್ನು, ಯಾವ ಮಾತಿನಲ್ಲಿ ಹುಡುಕುತ್ತಾರೆ ಎಂದು ಕಂಡುಹಿಡಿದು, ಅದಕ್ಕೆ ತಕ್ಕಂತೆ ಒಂದು ವ್ಯಾಪಾರದ ವೆಬ್‌ಸೈಟಿನಲ್ಲಿ ಯಾವ ಯಾವ ವಿಷಯದ ಪುಟಗಳಿರಬೇಕು ಎಂದು ಯೋಜನೆ ಹಾಕಿಕೊಡುವುದು ನನ್ನ ಕೆಲಸ. ಹುಡುಕಿದವರ ಕಣ್ಣಿಗೆ ಆ ವ್ಯಾಪಾರ ಮೊದಲು ಬೀಳಬೇಕು. ಆ ಡಿಸೆಂಬರಿನಲ್ಲಿ ನಮ್ಮ ಮೇಜಿನ ಮೇಲಿದ್ದದ್ದು ಗ್ಯಾಸ್ ಗೀಸರ್ ಮಾರುವ, ಮನೆಗೆ ಬಂದು ಗೋಡೆಗೆ ಹಾಕಿಕೊಡುವ, ಪುಣೆಯದೇ ಕೊಂಢವಾ ಬಡಾವಣೆಯ ಒಂದು ಅಂಗಡಿಯ ಕೆಲಸ. ಮಾಲಕರು ಬೆಳಗಾವಿ ಕಡೆಯ ಕನ್ನಡದವರು. ಇಂಥ ಕೆಲಸ ದೀಪಾವಳಿಗೆ ಮುಂಚೆಯೇ ಮುಗಿದಿರಬೇಕು, ಏಕೆಂದರೆ ಹೊಸ ಪುಟ ಮೇಲಕ್ಕೇರಲು ತಿಂಗಳುಗಳು ಹಿಡಿಯುತ್ತವೆ. ಅವರು ಬಂದದ್ದೇ ಚಳಿ ಶುರುವಾದ ಮೇಲೆ. ಹಾಗಾಗಿ ಅವಸರವಿತ್ತು.

ಕ್ರಮ ಯಾವತ್ತಿನದೇ. ಮೊದಲು ಅಂಗಡಿಯವರಿಂದ ಒಂದಿಷ್ಟು ಬೀಜಪದಗಳನ್ನು, ಎಂದರೆ ಗಿರಾಕಿಗಳು ಬಳಸುವ ಮೂಲ ಪದಗಳನ್ನು, ತೆಗೆದುಕೊಳ್ಳುತ್ತೇವೆ. ಜನರ ಹುಡುಕಾಟ ಎಣಿಸುವ ಕಂಪ್ಯೂಟರ್ ಉಪಕರಣಕ್ಕೆ ಕೊಟ್ಟರೆ ಅವು ಸಾವಿರಾರು ಪ್ರಶ್ನೆಗಳಾಗಿ ಒಡೆಯುತ್ತವೆ. ಮರಾಠಿಯಲ್ಲಿ ಕೇಳಿದ್ದು, ಹಿಂದಿಯಲ್ಲಿ ಕೇಳಿದ್ದು, ಅವೆರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕೇಳಿದ್ದು ಎಲ್ಲವನ್ನೂ ಒಂದೇ ಅರ್ಥದ ಗುಂಪುಗಳಾಗಿ ಕಟ್ಟಬೇಕು. ಕೇಳುವವನು ಕೊಳ್ಳಲು ಬಂದಿದ್ದಾನೋ, ರಿಪೇರಿಗೋ, ಸುಮ್ಮನೆ ತಿಳಿದುಕೊಳ್ಳಲೋ ಎಂದು ಗುರುತು ಹಾಕಬೇಕು. ಆಮೇಲೆ, ಇದು ನಮ್ಮ ತಂಡದ ಮುಖ್ಯಸ್ಥರ ಕಟ್ಟುನಿಟ್ಟು, ಪ್ರತಿ ಗುಂಪಿಗೂ ಈಗ ಮೊದಲ ಹತ್ತು ಸ್ಥಾನದಲ್ಲಿ ಬರುವ ಪುಟಗಳನ್ನು ಒಂದೊಂದಾಗಿ ತೆರೆದು ಓದಬೇಕು. ಯಾರನ್ನು ಹಿಂದೆ ಹಾಕಬೇಕೋ ಅವರನ್ನು ನೋಡದೆ ಓಟಕ್ಕೆ ನಿಲ್ಲಬಾರದು ಎನ್ನುತ್ತಾರೆ ಅವರು.

ಹಾಗೆ ತೆರೆಯುತ್ತ ಹೋದಾಗ ಒಂದು ಗುಂಪಿನಲ್ಲಿ ಬರೀ ಪತ್ರಿಕೆಯ ಸುದ್ದಿಗಳೇ ಬಂದವು. ಗ್ಯಾಸ್ ಗೀಸರ್, ತಲೆಸುತ್ತು, ಬಾತ್‌ರೂಮು, ಬಾಗಿಲು ಒಡೆದರು. ಊರು ಬೇರೆ, ಹೆಸರು ಬೇರೆ, ಸಂಗತಿ ಒಂದೇ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಹುಟ್ಟುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಕುಸಿಯುತ್ತಾರೆ. ಹೊರಗಿದ್ದವರು ಇನ್ನೂ ಸ್ನಾನ ಆಗಿಲ್ಲವೆಂದು ಕಾಯುತ್ತಾರೆ. ನಾನು ಎಲ್ಲವನ್ನೂ ಓದಿದೆ, ಏಕೆಂದರೆ ಓದುವುದು ಕ್ರಮ. ಮುಖ್ಯಸ್ಥರು ನನ್ನ ಭುಜದ ಮೇಲಿಂದ ನೋಡಿ ಮರಾಠಿಯಲ್ಲಿ ಅಂದರು: "ಇಲ್ಲಿ ಪೇಪರಿನವರು ಚಾಪೆ ಹಾಸಿ ಕೂತಿದ್ದಾರೆ, ನಮಗೆ ಜಾಗ ಸಿಗುವುದಿಲ್ಲ. ಸಿಕ್ಕರೂ ಮಾಲಕರು ತಮ್ಮ ಅಂಗಡಿಯ ಹೆಸರಿನ ಕೆಳಗೆ ಸಾವಿನ ಮಾತು ಇಟ್ಟುಕೊಳ್ಳುತ್ತಾರೆಯೇ? ಬೇಡಕ್ಕೆ ಹಾಕು." ನಮ್ಮ ಎಕ್ಸೆಲ್ ಶೀಟಿನ ಕೊನೆಯ ಹಾಳೆಯ ಹೆಸರೇ 'ಬೇಡ'. ಕೈಬಿಟ್ಟ ಗುಂಪುಗಳೆಲ್ಲ ಅಲ್ಲಿಗೆ ಹೋಗುತ್ತವೆ. ಅದನ್ನೂ ಹಾಕಿದೆ. ಅದು ಶುಕ್ರವಾರದ ಮಾತು.

ಸೋಮವಾರದ ಕೆಲಸ ಫೋನಿನದು. ಉಪಕರಣ ಎಷ್ಟು ಜನ ಹುಡುಕಿದರೆಂದು ಹೇಳುತ್ತದೆ, ಆದರೆ ಮನೆಯಲ್ಲಿ ಕೂತ ಮನುಷ್ಯರ ಬಾಯಿಮಾತು ಹಾಗೆ ಸಿಗುವುದಿಲ್ಲ. ಅದಕ್ಕೆ ಅಂಗಡಿಯ ಹಳೆಯ ಗಿರಾಕಿಗಳಲ್ಲಿ ಕೆಲವರಿಗೆ ಕರೆ ಮಾಡಿ ಕೇಳುತ್ತೇವೆ: ಗೀಸರಿನ ತೊಂದರೆ ಬಂದರೆ ಏನಂತ ಹುಡುಕುತ್ತೀರಿ? ಕನ್ನಡದ ಅಡ್ಡಹೆಸರು ಕಂಡರೆ ಅದು ನನ್ನ ಪಾಲಿಗೆ ಬರುತ್ತದೆ. ಹೀಗೆ ಬಂದದ್ದು ಪುಣೆಯ ಹೊರಗಿನ ತಳೇಗಾಂವ ದಾಭಾಡೆ ಊರಿನ ಒಂದು ಮನೆ. ಫೋನ್ ಎತ್ತಿದವರು ವಯಸ್ಸಾದ ಹೆಣ್ಣುಮಗಳು. ನಾನು ಮರಾಠಿಯಲ್ಲಿ ಶುರುಮಾಡಿ ಎರಡು ಮಾತಿನಲ್ಲೇ ಕನ್ನಡಕ್ಕೆ ಹೊರಳಿದೆ.

"ಅಯ್ಯ, ನಮ್ಮಾಕೀನs! ಯಾ ಊರೆವ್ವಾ ನಿಮ್ದು?"

"ಧಾರವಾಡ ಕಡಿಯವರ್ರಿ ಕಾಕೂ. ಈಗ ಬಿಬವೇವಾಡಿ."

"ಮತ್ತ ಮೊದಲs ಹೇಳಬಾರದೇನು? ನನ್ನ ಮರಾಠಿ ಖರ್ಚ ಮಾಡಿಸಿದಿ. ತಡಿ, ಸ್ಪೀಕರ್ ಮ್ಯಾಲೆ ಹಾಕ್ತೀನಿ. ಮೆಂತೆ ಸೋಸ್ಲಿಕ್ಕತ್ತೀನಿ, ಕೈ ಖಾಲಿ ಇಲ್ಲ."

ಗೀಸರಿನ ತೊಂದರೆಯಾದರೆ ಫೋನಿನಲ್ಲಿ ಏನಂತ ಹುಡುಕುತ್ತೀರಿ ಎಂದು ಕೇಳಿದೆ.

"ನಾ ಯಾಕ ಹುಡುಕ್ಲಿ? ಮಗನ್ನ ಕೇಳ್ತೀನಿ. ಮಗಾ ಫೋನಿಗೆ ಕೇಳ್ತಾನ. ಫೋನು ಅಂಗಡಿಯವನ್ನ ಕೇಳು ಅಂತದ. ಅಂಗಡಿಯಾಂವ ಫೋನs ಎತ್ತಂಗಿಲ್ಲ." ಅವರೇ ನಕ್ಕರು. "ಹೋದ ವಾರ ಗೀಸರ್ ಹತ್ತವಲ್ದಾಗಿತ್ತು. ಕಿಡಿ ಹಾರಸೂ ಸೆಲ್ ಯಾವ್ದು ಹಾಕಬೇಕಂತ ಮಗಾ ಫೋನಿನಾಗ ನೋಡಿದ. ಹೊಸಾ ಸೆಲ್ ಹಾಕಿದ ಮ್ಯಾಲೆ ಭಾಳ ಚಲೋ ನಡದದ. ಸುಳ್ಳಲ್ಲ, ಕೇಳು ಬೇಕಾದ್ರ. ಸೊಸಿ ಈಗ ತಲಿ ಮ್ಯಾಲೆ ನೀರ ಹಾಕ್ಕೊಳ್ಳಿಕ್ಕತ್ತಾಳ."

ಅವರು ಫೋನನ್ನು ಎತ್ತಿ ಬಾತ್‌ರೂಮಿನ ಕಡೆ ಹಿಡಿದರು. ಬರ್ನರಿನ ಮೊರೆತ ಕೇಳಿತು. ಅದರ ಜೊತೆ ನೀರಿನ ಸದ್ದು. ನಾನು 'ಸೆಲ್' ಎಂದು ಟೈಪು ಮಾಡುತ್ತಿದ್ದವಳು ಅಲ್ಲೇ ನಿಲ್ಲಿಸಿದೆ. ಸ್ನಾನ ಮಾಡುವವರ ನೀರು ಒಂದೇ ಸಮನೆ ಸದ್ದು ಮಾಡುವುದಿಲ್ಲ. ತಂಬಿಗೆ ಮುಳುಗುತ್ತದೆ, ನೀರು ಮೈಮೇಲೆ ಬೀಳುತ್ತದೆ, ನಡುವೆ ಬಳೆ ಸದ್ದಾಗುತ್ತದೆ. ಇದು ತುಂಬಿದ ಬಕೆಟ್ಟಿನಿಂದ ನೆಲಕ್ಕೆ ಸುರಿಯುತ್ತಲೇ ಇರುವ ನೀರು. ಆ ಸದ್ದಿನಲ್ಲಿ ಯಾರೂ ಇರಲಿಲ್ಲ.

"ಕಾಕೂ, ವೈನಿ ಒಳಗ ಹೋಗಿ ಎಷ್ಟೊತ್ತಾತು?"

"ಆತು. ನಾ ಸೋಸ್ಲಿಕ್ಕೆ ಕೂತಾಗ ಹೋಗ್ಯಾಳ. ಎರಡು ಕಟ್ಟು ಮುಗದ್ವು."

"ಒಂದ ಸಲ ಕರೀರಿ ಅವರನ್ನ."

"ಇದೂ ನಿಮ್ಮ ಪ್ರಶ್ನಿಯೊಳಗ ಅದ ಏನು?"

"ಕರೀರಿ ಕಾಕೂ."

ಕರೆದರು. ಮೊದಲು ಕೂತಲ್ಲಿಂದಲೇ, ಆಮೇಲೆ ಎದ್ದುಹೋಗಿ ಬಾಗಿಲು ಬಡಿದು. ಅವರ ದನಿಯಲ್ಲಿದ್ದ ನಗು ಒಂದೇ ಏಟಿಗೆ ಹೋಯಿತು.

"ಸಿಲಿಂಡರ್ ಎಲ್ಲೆದರಿ?"

"ಅಡಗಿ ಮನಿ ಹಿಂದ, ಡ್ರೈ ಬಾಲ್ಕನಿಯಾಗ."

"ಮೊದಲ ಅದನ್ನ ಬಂದ್ ಮಾಡ್ರಿ. ಮನೀ ಕಿಟಕಿ ಎಲ್ಲಾ ತಗೀರಿ."

"ನಡುವs ನೀರ ತಣ್ಣಗಾದ್ರ ಬೈತಾಳ ಅಕಿ."

"ಬೈಲಿ ಬಿಡ್ರಿ. ಬೈದ್ರ ಚಲೋನs ಆತು."

ಮೊರೆತ ನಿಂತಿತು. ನೀರು ಮಾತ್ರ ಸುರಿಯುತ್ತಲೇ ಇತ್ತು. ಡಿಸೆಂಬರಿನ ಚಳಿಯಲ್ಲಿ ತಲೆಗೆ ಹಾಕಿಕೊಳ್ಳುವಾಗ ಬಿಸಿನೀರು ನಿಂತರೆ ಯಾರಾದರೂ ಕೂಗುತ್ತಾರೆ. ನಾನೂ ಕಾಕುವೂ ಆ ಕೂಗಿಗೆ ಕಿವಿಕೊಟ್ಟು ಕಾದೆವು. ಯಾರೂ ಕೂಗಲಿಲ್ಲ. ರೆಕಾರ್ಡಿಂಗಿನಲ್ಲಿ ನನಗೆ ಇವತ್ತಿಗೂ ತಡೆಯಲಾಗದ ಜಾಗ ಇದೇ.

ಎದ್ದು ನಿಂತು ಮುಖ್ಯಸ್ಥರಿಗೆ ಕೈಮಾಡಿದೆ. ಶುಕ್ರವಾರದ ಆ ಗುಂಪಿನ ಹೆಸರು ಹೇಳಿದ್ದಷ್ಟೇ. ಅವರು ತಮ್ಮ ಫೋನಿನಲ್ಲಿ ಆಂಬುಲೆನ್ಸಿಗೆ ಕರೆ ಹಚ್ಚಿದರು. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ವಿಳಾಸ ಎಂದರೆ ಕಟ್ಟಡದ ಹೆಸರು, 'ನೀರಿನ ಟಾಕಿಯ ಹಿಂದೆ' ಎಂಬ ಮಾತು, ಅಷ್ಟೇ. ಆ ಕಡೆಯವರು ಯಾವ ಟಾಕಿ ಎಂದು ಕೇಳುತ್ತಿದ್ದರು. ನಾನು ಕಾಕುವನ್ನು ಕೇಳಿ ಹೇಳಬೇಕು, ಮುಖ್ಯಸ್ಥರು ಅದನ್ನು ಅವರಿಗೆ ದಾಟಿಸಬೇಕು. ಈ ನಡುವೆ ಕಾಕು ಫೋನ್ ಇಡಲು ಹೊರಟರು.

"ಮಗಗ ಫೋನ್ ಮಾಡ್ತೀನಿ, ಇಡು. ಅಂವಾ ಬಂದು ಬಾಗಲಾ ತಗೀತಾನ."

"ಮಗ ಎಲ್ಲಿದ್ದಾರ?"

"ಡ್ಯೂಟಿ ಮ್ಯಾಲೆ. ಕಂಪನಿಯೊಳಗ ಫೋನ್ ಬಿಡಂಗಿಲ್ಲ, ಗೇಟಿನಾಂವ ಹೇಳಿ ಕಳಸಬೇಕು."

"ಕಾಕೂ, ಅಷ್ಟು ಹೊತ್ತಿಲ್ಲ. ಕೆಳಗ ವಾಚಮನ್ ಇದ್ದಾನಲ್ಲ, ಅವನ್ನ ಕರೀರಿ. ಬಾಗಲಾ ಒಡೀಲಿ."

ಅವರು ತೀರ ಸಣ್ಣ ದನಿಯಲ್ಲಿ ಹೇಳಿದ್ದು ಇದು: "ಸೊಸಿ ಮೈಮ್ಯಾಲೆ ಅರಿವಿ ಇಲ್ದ ಅದಾಳವ್ವಾ. ಗಂಡಸರನ್ನ ಹೆಂಗ ಬಿಡ್ಲಿ? ನಾಳೆ ಅಕಿ ಇದs ಬಿಲ್ಡಿಂಗಿನಾಗ ಮಾರಿ ಎತ್ತಿ ತಿರಗಾಡಬೇಕಲ್ಲ."

ನಾನು ಓದಿದ ಸುದ್ದಿಗಳಲ್ಲಿ ಎಲ್ಲಿಯೂ ಇದು ಇರಲಿಲ್ಲ. 'ಬಾಗಿಲು ಒಡೆದರು' ಎಂದು ಮಾತ್ರ ಇತ್ತು. ಒಡೆಯುವ ಮುಂಚೆ ಎಷ್ಟು ಮನೆಗಳಲ್ಲಿ ಎಷ್ಟು ಹೊತ್ತು ಜನ ಹೀಗೆ ನಿಂತಿದ್ದರೋ ಯಾರೂ ಬರೆದಿರಲಿಲ್ಲ. ಅವರಿಗೆ ವಿಷಗಾಳಿಯ ವಿಚಾರ ವಿವರಿಸಲು ಹೋದರೆ ಸೋಲುತ್ತೇನೆ ಅನ್ನಿಸಿತು. ಅವರು ಹೆದರಿದ್ದು ಸಾವಿಗಲ್ಲ, ಅದು ಅವರ ಮನಸ್ಸಿಗೆ ಇನ್ನೂ ಬಂದೇ ಇರಲಿಲ್ಲ.

"ಮನ್ಯಾಗ ಕೌದಿ ಅದ ಏನ್ರಿ?"

"ಅದ."

"ಕೌದಿ ಬಿಚ್ಚಿ ಕೈಯಾಗ ಹಿಡಕೊಂಡು ಬಾಗಲದ ಮುಂದ ನಿಂದರ್ರಿ. ಬಾಗಲಾ ಒಡದ ಕೂಡ್ಲೆ ಅಂವಾ ಮಾರಿ ತಿರವಲಿ. ನೀವು ಉಸರ ಬಿಗಿ ಹಿಡದು ಕೌದಿ ಹೊಚ್ಚರಿ. ಆಮ್ಯಾಲೆ ಇಬ್ಬರೂ ಕೂಡಿ ಹೊರಗ ಎಳೀರಿ, ಒಳಗ ನಿಂದ್ರಬ್ಯಾಡ್ರಿ. ನಾಚಿಕಿ ಆಮ್ಯಾಲೆ, ಕಾಕೂ. ಕೇಳಿಸ್ತೇನು? ನಾಚಿಕಿ ಆಮ್ಯಾಲೆ."

"ನಾಚಿಕಿ ಆಮ್ಯಾಲೆ," ಅಂದರು ಅವರು, ಪಾಠ ಒಪ್ಪಿಸುವವರ ಹಾಗೆ. ಆಮೇಲೆ ಬಾಲ್ಕನಿಯಿಂದ ವಾಚಮನ್ನನನ್ನು ಕೂಗಿದ್ದು ಕೇಳಿತು. ಅಂಥ ಕೂಗು ನಾನು ಕೇಳಿರಲಿಲ್ಲ.

ವಾಚಮನ್ ಬಂದವನು ಬಾಗಿಲ ಮುಂದೆ ಅನುಮಾನಿಸಿದ. ಒಡೆಯಲೇ ಎಂದು ಮರಾಠಿಯಲ್ಲಿ ಕೇಳಿದ. ಕಾಕು ಉತ್ತರಿಸುವ ಮೊದಲೇ ನಾನು ಸ್ಪೀಕರಿನೊಳಗಿಂದ, ತಳೇಗಾಂವದಿಂದ ಅಷ್ಟು ದೂರದ ಬಿಬವೇವಾಡಿಯ ಮಹಡಿಯಲ್ಲಿ ನಿಂತು, "ತೋಡಾ! ತೋಡಾ!" ಎಂದು ಕಿರುಚಿದೆ. ಕೆಳಗಿನ ಪಾತ್ರೆ ಅಂಗಡಿಯವರು ಮೆಟ್ಟಿಲ ಬಳಿ ಬಂದು ಇಣುಕಿದರಂತೆ. ಮೂರ್ನಾಲ್ಕು ಒದೆತ, ಪ್ಲಾಸ್ಟಿಕ್ ಬಾಗಿಲು ಸೀಳಿದ ಸದ್ದು, ಕಾಕು ಸೊಸೆಯ ಹೆಸರು ಹಿಡಿದು ಕರೆಯುತ್ತಿದ್ದದ್ದು. ಫೋನು ನೆಲಕ್ಕೆ ಬಿತ್ತು. ನೀರು ಅದರ ಹತ್ತಿರ ಹರಿದು ಬರುವಷ್ಟು ಹೊತ್ತು ಕೇಳಿಸಿ ಕರೆ ಕಡಿಯಿತು.

ಸಂಜೆಯವರೆಗೆ ಏನೂ ಗೊತ್ತಾಗಲಿಲ್ಲ. ನಾನು ಕರೆ ಮಾಡಿದಾಗಲೆಲ್ಲ ಫೋನು ಬಂದ್ ಆಗಿತ್ತು. ಕಚೇರಿ ಬಿಡುವ ಹೊತ್ತಿಗೆ ಬೇರೊಂದು ನಂಬರಿನಿಂದ ಕಾಕುವಿನ ಮಗ ಮಾತಾಡಿದರು. "ಅವ್ವನ ಫೋನು ಒಣಗಿಸಿ ಚಾಲೂ ಮಾಡಿದೆ, ಕಡೀ ಕಾಲ್ ನಿಮ್ದಿತ್ತು. ಯಾರ್ರಿ ನೀವು?" ಯಾರೆಂದು ಹೇಳುವುದು? ನಿಮ್ಮ ತಾಯಿ ಏನಂತ ಹುಡುಕುತ್ತಾರೆ ಎಂದು ಕೇಳಲು ಕರೆ ಮಾಡಿದವಳು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಹೆಂಡತಿ ಬದುಕಿದ್ದಾಳೆ, ಆಮ್ಲಜನಕ ಹಚ್ಚಿದ್ದಾರೆ, ಕಣ್ಣು ತೆರೆದಿಲ್ಲ ಎಂದರು.

ಆಕೆ ಕಣ್ಣು ತೆರೆದದ್ದು ಬುಧವಾರ. ನಾನು ಆಸ್ಪತ್ರೆಗೆ ಹೋದಾಗ ಕಾಕು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮುಖ ನೋಡಿ ಅವರಿಗೆ ನಾನು ಯಾರೆಂದು ಗೊತ್ತಾಗಲಿಲ್ಲ. ದನಿ ಕೇಳಿದೊಡನೆ ನನ್ನ ಕೈ ಹಿಡಿದರು. "ಬಾತ್‌ರೂಮಿನ ಮ್ಯಾಲಿನ ಗಾಳಿ ಜಾಳಗಿಗೆ ಹಳೇ ಸೀರಿ ನಾನs ತುರಕಿದ್ದೆ," ಅಂದರು. "ಥಂಡಿ ಗಾಳಿ ಬರತದ, ಅಕಿಗೆ ನೆಗಡಿ ಆಗತದ ಅಂತ." ಆ ಸೀರೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಅಂದಿನಿಂದ ನನ್ನ ನಿದ್ದೆ ಹಾರಿಹೋಯಿತು. ನಮ್ಮ ಮನೆಯಲ್ಲಿರುವುದು ಕರೆಂಟಿನ ಗೀಸರು. ಆದರೂ ನನ್ನ ತಮ್ಮ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಮಲಗಿದಾಗ ಮೈ ಹಗುರಾಗುತ್ತದಲ್ಲ, ಆ ಗಳಿಗೆಗೇ ಬೆಚ್ಚಿ ಏಳುತ್ತಿದ್ದೆ. ಒಳಗಿದ್ದವಳಿಗೂ ಹೀಗೇ ಆಗಿರಬೇಕು ಎಂಬ ಯೋಚನೆ ಬಂದಮೇಲೆ ನಿದ್ದೆ ಬರುವುದೇ ಒಂದು ಅಪಾಯದಂತೆ ತೋರತೊಡಗಿತು. ಹಗಲು ಕಣ್ಣು ಉರಿಯುತ್ತಿತ್ತು. ಕೆಲಸ ನಿಂತಿರಲಿಲ್ಲ. ಕರೆಗಳನ್ನೆಲ್ಲ ಬರಹಕ್ಕೆ ಇಳಿಸಿ ಬಾಯಿಮಾತುಗಳನ್ನು ಹೆಕ್ಕುವುದು ಮುಂದಿನ ಹೆಜ್ಜೆ. ಆ ಕರೆಯನ್ನು ನೀನು ಬಿಡು ಎಂದರು ಮುಖ್ಯಸ್ಥರು. ನಾನೇ ಇಳಿಸಿದೆ. ಬೇರೆ ಯಾರೂ ಅದನ್ನು ಕೇಳುವುದು ನನಗೆ ಬೇಡವಾಗಿತ್ತು.

ವಿಷಯಗಳ ಯೋಜನೆ ತೋರಿಸಲು ಮುಖ್ಯಸ್ಥರೊಂದಿಗೆ ಕೊಂಢವಾಕ್ಕೆ ಹೋದಾಗ ನಾನು 'ಬೇಡ' ಹಾಳೆಯ ಆ ಗುಂಪನ್ನು ಮೇಲೆ ತಂದಿದ್ದೆ. ಮೊದಲ ಪುಟದ ಹೆಸರು: 'ಗೀಸರ್ ಉರಿಯುತ್ತಿದೆ, ಒಳಗಿರುವವರು ದನಿ ಕೊಡುತ್ತಿಲ್ಲ: ಏನು ಮಾಡಬೇಕು'. ಮಾಲಕರು ನಮಗೆ ಚಹಾ ಹೇಳಿ ಲ್ಯಾಪ್‌ಟಾಪಿನ ಪರದೆ ನೋಡಿದರು. ನೋಡುತ್ತಲೇ ಚಹಾದ ಕಪ್ಪು ಕೆಳಗಿಟ್ಟರು.

"ತಂಗಿ, ನೀವು ನಮ್ಮ ಕಡಿಯವರು. ನನ್ನ ಅಂಗಡ್ಯಾಗ ಕೂತು ಗಿರಾಕಿಗೆ ಹೆದರಿಕಿ ಮಾರ್ತೀರೇನು?"

"ಆಗಿದ್ದು ನಿಮ್ಮ ಗಿರಾಕಿ ಮನ್ಯಾಗ್ರಿ."

"ಗೊತ್ತದ. ಜಾಳಗಿ ಮುಚ್ಚಿದ್ದು ಯಾರು? ನಾನೇನು?"

"ಮುಚ್ಚಿದ್ದು ಕಾಕು. ಗೀಸರ್ ಬಾತ್‌ರೂಮಿನೊಳಗ ಹಚ್ಚಿದ್ದು ನಿಮ್ಮ ಮೆಕ್ಯಾನಿಕ್."

"ಎಲ್ಲಾರೂ ಒಳಗs ಹಚ್ಚತಾರವಾ. ಹೊರಗ ಹಚ್ಚಬೇಕಂದ್ರ ಗ್ವಾಡಿ ಕೊರೀಬೇಕು, ಪೈಪ್ ಎಳೀಬೇಕು. ಗಿರಾಕಿ ಒಪ್ಪಂಗಿಲ್ಲ, ಬಾಜೂದ ಅಂಗಡಿಗೆ ಹೋಗ್ತಾನ. ಅಲ್ಲೂ ಒಳಗs ಹಚ್ಚತಾರ." ಅವರು ಕೆಟ್ಟವರಂತೆ ಮಾತಾಡಲಿಲ್ಲ, ದಣಿದವರಂತೆ ಮಾತಾಡಿದರು. ಆಮೇಲೆ ಪರದೆಯ ಕಡೆ ಬೆರಳು ಮಾಡಿದರು. "ಅದಿರ್ಲಿ. ಇದನ್ನ ಎಷ್ಟು ಮಂದಿ ಹುಡುಕ್ತಾರ? ನಿಮ್ಮ ಶೀಟs ಹೇಳ್ಲಿ."

ಶೀಟು ಸೊನ್ನೆ ಎನ್ನುತ್ತಿತ್ತು. ಆ ಮಾತನ್ನು ಯಾರೂ ಹುಡುಕಿರಲಿಲ್ಲ, ಅಥವಾ ಉಪಕರಣ ಎಣಿಸುವಷ್ಟು ಜನ ಹುಡುಕಿರಲಿಲ್ಲ. ಯಾರೂ ಹುಡುಕದ ವಿಷಯಕ್ಕೆ ಪುಟ ಬರೆಸಬಾರದು ಎಂಬುದು ನಾವೇ ಅವರಿಗೆ ಮೊದಲ ದಿನ ಹೇಳಿಕೊಟ್ಟ ಪಾಠ. ಅವರು ಅದನ್ನು ನಮಗೇ ಓದಿ ಹೇಳಿದರು. ಹೊರಡುವಾಗ, ಆ ರೆಕಾರ್ಡಿಂಗ್ ಅಳಿಸಿಬಿಡಿ, ಅದರಲ್ಲಿ ನನ್ನ ಅಂಗಡಿಯ ಮಾತಿದೆ ಎಂದೂ ಅಂದರು.

ಕೆಳಗೆ ಮುಖ್ಯಸ್ಥರು ಸ್ಕೂಟರಿಗೆ ಕೀಲಿ ಹಾಕಿ ನನ್ನ ಕಡೆ ತಿರುಗಿದರು. "ಸಂಖ್ಯೆ ಬದಲಿಸು," ಅಂದರು. "ಅವರು ಬಣ್ಣ ಮಾತ್ರ ನೋಡುತ್ತಾರೆ." ನಮ್ಮ ಶೀಟಿನಲ್ಲಿ ಹುಡುಕಾಟ ಹೆಚ್ಚಿದ್ದರೆ ಸಾಲು ಹಸಿರಾಗುತ್ತದೆ. ಅವರು ಅಂಥ ಮಾತಾಡುವ ಮನುಷ್ಯರಲ್ಲ. ನನ್ನ ಸಲುವಾಗಿ ಆಡಿದ್ದರು.

ಮರುದಿನ ಕಚೇರಿಯಲ್ಲಿ ಕೂತು ಹಾಗೆಯೇ ಮಾಡಿ ನೋಡಿದೆ. ಸೊನ್ನೆ ಇದ್ದಲ್ಲಿ ದೊಡ್ಡದೊಂದು ಸಂಖ್ಯೆ ಹಾಕಿದೆ. ಸಾಲು ಹಸಿರಾಗಿ ಜಿಗಿದು ಮೇಲೆ ಬಂತು. ಮಾಲಕರು ಒಪ್ಪುತ್ತಾರೆ, ಪುಟ ಬರೆಯುತ್ತೇವೆ, ಚೆನ್ನಾಗಿ ಬರೆಯುತ್ತೇವೆ. ಆಮೇಲೆ? ಯಾರು ಬಂದು ಓದುತ್ತಾರೆ? ಆ ಸೋಮವಾರದ ಮನೆಯನ್ನೇ ಕಣ್ಣ ಮುಂದೆ ತಂದುಕೊಂಡೆ. ಹೊರಗಿದ್ದ ಕಾಕುವಿಗೆ ಹುಡುಕಬೇಕೆಂದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೊತ್ತಿರಲಿಲ್ಲ. ಒಳಗಿದ್ದವಳ ಕೈಯಲ್ಲಿ ಫೋನಿರಲಿಲ್ಲ. ಒಳಗಿರುವವರು ಹುಡುಕುವುದಿಲ್ಲ. ನಮ್ಮ ಇಡೀ ವಿದ್ಯೆ ಹುಡುಕುವವರನ್ನು ಎಣಿಸುವುದರ ಮೇಲೆ ನಿಂತಿದೆ. ಆ ಸೊನ್ನೆ ತಪ್ಪು ಸಂಖ್ಯೆಯಲ್ಲ, ನಿಜವೇ ಆಗಿತ್ತು, ಮತ್ತು ಅದೇ ಭಯದ ಸಂಗತಿ. ಹಾಕಿದ ಸಂಖ್ಯೆಯನ್ನು ತೆಗೆದೆ.

ಹಾಗಾದರೆ ಆ ಮನೆಯಿಂದ ಏನನ್ನು ಹುಡುಕಿದ್ದರು? ಬರೆದಿಳಿಸಿದ ಮಾತುಕತೆಯ ಮೇಲ್ಭಾಗದಲ್ಲೇ ಇತ್ತು. ನಾನು ಟೈಪು ಮಾಡುತ್ತ ನಿಲ್ಲಿಸಿದ ಪದ: ಸೆಲ್. ಹಿಂದಿನ ವಾರ ಮಗ ಯಾವ ಸೆಲ್ ಎಂದು ಹುಡುಕಿದ್ದ, ಓದಿದ್ದ, ಹಾಕಿದ್ದ. ಆ ಓದಿದ ಪುಟದಲ್ಲಿ ತಲೆ ಎತ್ತಿ ಜಾಳಗಿ ನೋಡು ಎಂದು ಒಂದು ಸಾಲಿದ್ದಿದ್ದರೆ?

ಸೆಲ್ಲಿನ ಗುಂಪನ್ನು ತೆರೆದೆ. ಯಾವ ಸೆಲ್, ಎಲ್ಲಿ ಹಾಕುವುದು, ಗೀಸರ್ ಹತ್ತುತ್ತಿಲ್ಲ, ಟಕ್ ಟಕ್ ಎಂದು ನಿಲ್ಲುತ್ತದೆ. ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡದಲ್ಲೂ ಒಂದಿಷ್ಟು. ಕೊಳ್ಳುವ ಮಾತುಗಳನ್ನು ಬಿಟ್ಟರೆ ಇಡೀ ಶೀಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಅದು, ಚಳಿ ಏರಿದ ಹಾಗೆ ಏರುವ ಗುಂಪು. ಮೊದಲ ಹತ್ತರಲ್ಲಿದ್ದ ಪುಟಗಳು ತೀರ ಪೇಲವವಾಗಿದ್ದವು. ಗ್ಯಾಸ್ ಗೀಸರ್ ಇರುವ ಪ್ರತಿ ಮನೆಯವರೂ ಒಂದಲ್ಲ ಒಂದು ದಿನ ಈ ಬಾಗಿಲಿಗೆ ಬಂದೇ ಬರುತ್ತಾರೆ, ಆರಾಮಾಗಿ, ಕೈಯಲ್ಲಿ ಫೋನ್ ಹಿಡಿದು. ಆಗ ಹೇಳಬೇಕು. ಬೇರೆ ಪುಟ ಬೇಡ. ಯೋಜನೆಯಿಂದ ಆ ಹೆದರಿಕೆಯ ಪುಟವನ್ನು ನಾನೇ ಮತ್ತೆ ತೆಗೆದೆ. ಸೆಲ್ಲಿನ ಪುಟವನ್ನು ಮೊದಲನೆಯದಾಗಿ ಮಾಡಿ, ಅದರಲ್ಲಿ ಉತ್ತರಕ್ಕಿಂತ ಮೊದಲು ಐದು ಸಾಲು ಬರೆದೆ:

'ಸೆಲ್ ಬದಲಿಸುವ ಮುನ್ನ ತಲೆ ಎತ್ತಿ ನೋಡಿ. ಬೆಳಕಿಂಡಿಯ ಜಾಳಗಿ ಮುಚ್ಚಿದ್ದರೆ ತೆರೆಯಿರಿ. ಗೀಸರ್ ಬಾತ್‌ರೂಮಿನ ಒಳಗಿದ್ದರೆ ಹೊರಗೆ ಹಾಕಿಸಿ. ಸ್ನಾನಕ್ಕೆ ಹೋದವರನ್ನು ಆಗಾಗ ಕರೆಯಿರಿ. ದನಿ ಬಾರದಿದ್ದರೆ ಸಾವು ಹತ್ತಿರವಿದೆ: ಸಿಲಿಂಡರ್ ಬಂದ್ ಮಾಡಿ, ಬಾಗಿಲು ಒಡೆಯಿರಿ, ನಾಚಿಕೆ ಆಮೇಲೆ.'

ಮಾಲಕರು ಈ ಸಲ ನಾವು ಮುದ್ರಿಸಿ ತಂದ ಹಾಳೆಯನ್ನು ಬಹಳ ಹೊತ್ತು ಓದಿದರು. ಸಾಲು ಹಸಿರಾಗಿತ್ತು, ಅದನ್ನೂ ನೋಡಿದರು. ಗೀಸರ್ ಹೊರಗೆ ಹಾಕಿಕೊಡುವುದೂ ಒಂದು ಕೆಲಸವೇ ಎಂದು ಅವರ ತಲೆ ಲೆಕ್ಕ ಹಾಕಿದ್ದು ನನಗೆ ಕಂಡಿತು. ಪೆನ್ನು ತೆಗೆದು 'ಸಾವು ಹತ್ತಿರವಿದೆ' ಎಂಬುದನ್ನು ಹೊಡೆದುಹಾಕಿದರು. ಉಳಿದದ್ದನ್ನು ಬಿಟ್ಟರು. ಕೊನೆಯ ಎರಡು ಪದಗಳ ಮೇಲೆ ಪೆನ್ನು ತಟ್ಟಿದರು.

"ಇದು ಯಾಕ?"

ನಾನು ಹೇಳಿದೆ. ಕೌದಿಯ ವಿಚಾರವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಮನ್ಯಾಗೂ ಹಿಂಗs ನಿಂದರತಿದ್ರು," ಅಂದರು. ಆಮೇಲೆ, ಮೊದಲ ಸಲ: "ಈಗ ಹೆಂಗದಾಳ ಆ ಹುಡುಗಿ?"

"ಮನಿಗೆ ಬಂದಾರ್ರಿ. ಮರವು ಶುರು ಆಗ್ಯದ. ಮೊದಲ ಹದಿನೈದು ದಿನ ಇರ್ಲಿಲ್ಲ, ಈಗ ಶುರು ಆಗ್ಯದ. ಹಿಂಗ ಆಗತದ ಅಂತ ಡಾಕ್ಟರ್ ಹೇಳ್ಯಾರಂತ."

ಅದೇ ವಾರ ಅವರು ಮೆಕ್ಯಾನಿಕನನ್ನು ಕಳಿಸಿ ತಳೇಗಾಂವದ ಆ ಗೀಸರನ್ನು ಡ್ರೈ ಬಾಲ್ಕನಿಗೆ ಹಾಕಿಸಿಕೊಟ್ಟರು. ನಿಮ್ಮ ಪಟ್ಟಿಯಲ್ಲಿರುವ ಉಳಿದ ಮನೆಗಳು ಎಂದು ನಾನು ಕೇಳಿದ್ದಕ್ಕೆ "ನೋಡೂಣು" ಅಂದರು. ಇವತ್ತಿಗೂ ನೋಡುತ್ತಲೇ ಇದ್ದಾರೆ. ಪುಟ ಮೇಲೇರಿದೆ, ಜನ ಬರುತ್ತಾರೆ. ಬಂದವರಲ್ಲಿ ಎಷ್ಟು ಜನ ತಲೆ ಎತ್ತಿ ನೋಡಿದರೆಂದು ಹೇಳುವ ಉಪಕರಣ ನಮ್ಮಲ್ಲಿಲ್ಲ. ರೆಕಾರ್ಡಿಂಗನ್ನು ಕಚೇರಿಯ ಕಂಪ್ಯೂಟರಿನಿಂದ ಅಳಿಸಿದೆವು. ನನ್ನ ತಲೆಯಲ್ಲಿ ಅದು ಹಾಗೇ ಇದೆ.

ಫೆಬ್ರವರಿಯ ಒಂದು ಶನಿವಾರ ಕಾಕು ಊಟಕ್ಕೆ ಕರೆದರು. ವೈನಿಯನ್ನು, ಕಾಕುವಿನ ಆ ಸೊಸೆಯನ್ನು, ನಾನು ಸರಿಯಾಗಿ ನೋಡಿದ್ದು ಅವತ್ತೇ. ನನ್ನ ವಯಸ್ಸಿನವಳು. ಬಟ್ಟಲು ಎತ್ತುವಾಗ ಕೈ ಅಲ್ಲಾಡುತ್ತಿತ್ತು. ಅದಕ್ಕೆ ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಮಾತಿನ ನಡುವೆ ಪದ ಸಿಗದೆ ನಿಂತರೆ ಕಾಕು ಬಾಯಿ ಹಾಕುತ್ತಿರಲಿಲ್ಲ, ಕಾಯುತ್ತಿದ್ದರು. ವಾಚಮನ್ ಎದುರು ಸಿಕ್ಕರೆ ವೈನಿಗೆ ಈಗಲೂ ತಲೆ ತಗ್ಗುತ್ತದಂತೆ. "ಅಂವಾ ನನಗಿಂತ ಹೆಚ್ಚು ನಾಚತಾನ," ಎಂದು ಅವಳೇ ನಕ್ಕಳು. ಸಂಜೆ ಬಾಲ್ಕನಿಯಲ್ಲಿ ಕೂತಾಗ, ನಾನು ಕೇಳದೆಯೇ ಹೇಳಿದಳು.

"ಯಾಕ ಕೂಗ್ಲಿಲ್ಲ ಅಂತ ಎಲ್ಲಾರೂ ಕೇಳ್ತಾರ. ಕೂಗಬೇಕು ಅನಸೂವಂಥಾದ್ದು ಏನೂ ಆಗ್ಲೇ ಇಲ್ಲ. ಸ್ವಲ್ಪ ತಲಿ ಭಾರ. ಆಮ್ಯಾಲೆ ನಿದ್ದಿ ಬಂದಂಗಾತು. ಚಲೋ ನಿದ್ದಿ."

ನಾನು ಇಷ್ಟು ದಿನ ಹೆದರಿದ್ದು ಸರಿಯಾಗಿ ಅದಕ್ಕೇ. ನನ್ನ ಮುಖದಲ್ಲಿ ಏನು ಕಂಡಿತೋ, ವೈನಿ ಒಳಗೆ ಹೋಗಿ ಅತ್ತೆಗೆ ಏನೋ ಹೇಳಿದಳು. ಕಾಕು ಬಂದು, ಲೋಕಲ್ ರೈಲು ಹಿಡಿದು ಹೋಗುವುದು ಬೇಡ, ಇಲ್ಲೇ ಮಲಗು ಎಂದರು. ನಿದ್ದೆ ಬರುವುದಿಲ್ಲ ಎಂದೆ. "ಬರದಿದ್ರ ಎದ್ದು ಕೂಡು. ನಾನೂ ಕೂತs ಇರ್ತೀನಿ," ಅಂದರು. ಹೊದೆಯಲು ಕೊಟ್ಟದ್ದು ಕೌದಿ. ತೊಳೆದು ಬಿಸಿಲಿಗೆ ಹಾಕಿದ ವಾಸನೆ ಇತ್ತು. ಒಂದು ಮೂಲೆಯಲ್ಲಿ ಒಡೆದ ಬಾಗಿಲಿನ ಚೂರಿಗೆ ಸಿಕ್ಕು ಹರಿದ ಜಾಗಕ್ಕೆ ಹೊಸ ತೇಪೆ ಹಾಕಿದ್ದರು. ಮಾಸಿದ ಹಳೆಯ ಸೀರೆಯ ತೇಪೆ. ಯಾವ ಸೀರೆಯೆಂದು ಕೇಳಬೇಕಾಗಿರಲಿಲ್ಲ.

ನನಗೆ ಎಚ್ಚರವಾದದ್ದು ಒಂದು ಕೂಗಿಗೆ. ಕಿಟಕಿಯಲ್ಲಿ ಬಿಸಿಲು ಬಂದಿತ್ತು, ಬಾಲ್ಕನಿಯಲ್ಲಿ ಗೀಸರು ಮೊರೆಯುತ್ತಿತ್ತು. ಕಾಕು ಬಾತ್‌ರೂಮಿನ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಮೆಂತೆ ಸೋಸುತ್ತಿದ್ದರು. ಚಿಲಕ ಹಾಕಿರಲಿಲ್ಲ, ಆ ಮನೆಯಲ್ಲಿ ಈಗ ಯಾರೂ ಹಾಕುವುದಿಲ್ಲ.

"ಏ, ದನಿ ಕೊಡs!"

ತಂಬಿಗೆ ಬಕೆಟ್ಟಿನಲ್ಲಿ ಮುಳುಗಿದ ಸದ್ದು, ನೀರು ಬಿದ್ದ ಸದ್ದು, ಬಳೆ.

"ಅದೀನ್ರಿ ಅತ್ತಿ!"

ಅವತ್ತು ಭಾನುವಾರ. ಕೌದಿ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿದೆ.